ನೆವಿಲ್ ಚೈನ್ ತೊಳೆದ ಭಾನುವಾರ

ನನ್ನ ಗಂಡ ಲಿಂಡ್ಸೆಯ ತೋರುಬೆರಳಿನ ತುದಿ ಹೋದದ್ದು ಬೈಕಿನ ಚೈನಿಗೆ ಸಿಕ್ಕಿ. ಊರಿಗೆ ಹೇಳಿದ್ದು ಮಾತ್ರ ಪಕ್ಕದ ನೆವಿಲನ ಟಗರು ಗೇಟಿಗೆ ಒತ್ತಿ ಜಜ್ಜಿತು ಅಂತ. "ಎಂಜಿನ್ ಆಫ್ ಮಾಡ್ದೆ ಚೈನ್ ಮುಟ್ಟೋನು ಕತ್ತೆ" ಎಂದು ಈ ಸೀಮೆಯ ಹುಡುಗರಿಗೆಲ್ಲ ಪಾಠ ಹೇಳಿದ ಮಹಾಶಯ, ಬೇಗ ಮುಗಿಯಲಿ ಎಂದು ಎಂಜಿನ್ ಓಡಿಸಿಕೊಂಡೇ ಚೈನಿಗೆ ಬಟ್ಟೆ ಹಿಡಿದಿದ್ದ! ನಿಜ ಹೇಳಿದರೆ ಮಾನ ಹೋಗುತ್ತಿತ್ತು. ಟಗರಿಗೇನು, ಬಾಯಿಲ್ಲ. ನಾನೂ ಅಂಗಡಿಯಲ್ಲಿ ಅದನ್ನೇ ಹೇಳಿ ಬಂದೆ. ನನ್ನ ನಾಲಿಗೆ ಬಿದ್ದುಹೋಗ.

ಮನುಷ್ಯನ ಮೇಲೆ ಹಾಯ್ದ ಟಗರನ್ನು ನಮ್ಮ ಕಡೆ ಯಾರೂ ಉಳಿಸಿಕೊಳ್ಳುವುದಿಲ್ಲ. ಅದು ನಮಗೆ ಹೊಳೆದದ್ದು ಮಾತು ಬಾಯಿ ದಾಟಿದ ಮೇಲೆ. ಅದೂ ಎಂಥ ಟಗರು! ನೆವಿಲನ ಹೆಂಡತಿ ಹೇಜಲ್ ತಾನು ಸಾಯುವ ವರ್ಷ ಅಡುಗೆಮನೆಯಲ್ಲೇ ಬಾಟಲಿ ಹಾಲು ಕುಡಿಸಿ ಸಾಕಿದ ಮರಿ. ಬಿಸ್ಕತ್ತು ಅಂತ ಹೆಸರಿಟ್ಟವಳೂ ಅವಳೇ.

ಭಾನುವಾರ ನೆವಿಲ್ ಬಂದ. ಗಾಡಿಯಿಂದ ಐಸ್‌ಪೆಟ್ಟಿಗೆ ಇಳಿಸಿ ನೆರಳಿಗಿಟ್ಟ. ಬಿಯರ್ ತಂದಿರಬೇಕು ಅಂದುಕೊಂಡೆ.

"ಉಣ್ಣೆ ಕತ್ತರಿಸೋರು ಬರೋ ಹೊತ್ತಾಯ್ತು, ಕುರಿ ಅಟ್ಟೋಕೆ ಬೈಕ್ ಬೇಕು. ಒಂದ್ ಕೈಲಿ ನೀನೇನ್ ಕಿಸೀತೀಯ? ಚೈನ್ ನಾನ್ ತೊಳೀತೀನಿ," ಎಂದ.

"ಬೇಡ ಮಾರಾಯ, ಬಿಡು," ಎಂದ ಲಿಂಡ್ಸೆ. ಮುಖ ಸುಣ್ಣದ ಹಾಗೆ ಬಿಳುಚಿತ್ತು.

"ಸುಮ್ನೆ ಕೂತ್ಕೊಳೋ. ತಪ್ಪು ನಮ್ಮ ಟಗರಿಂದು."

ಹಿಂದಿನ ಚಕ್ರವನ್ನು ಸ್ಟ್ಯಾಂಡಿನ ಮೇಲೆತ್ತಿ, ನ್ಯೂಟ್ರಲಿಗೆ ಹಾಕಿ, ಕೀಲಿ ತೆಗೆದು ಜೇಬಿಗಿಟ್ಟುಕೊಂಡ. "ನೋಡು, ಎಲ್ಲಾ ನೀನ್ ಹೇಳ್ಕೊಟ್ಟ ಹಾಗೇನೆ," ಎಂದು ನಕ್ಕ. ಹಳೇ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಚಕ್ರವನ್ನು ಕೈಯಲ್ಲೇ ತಿರುಗಿಸುತ್ತ ಕೆಂಪು ಮಣ್ಣು ತಿಕ್ಕತೊಡಗಿದ.

ನಾನು ಲಿಂಡ್ಸೆಯನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. "ಈಗ್ಲಾದ್ರೂ ಹೇಳ್ತೀಯೋ ಇಲ್ವೋ? ಆ ಪ್ರಾಣಿನ ಕೊಂದ್ಬಿಟ್ಟಾನು!"

"ಚಹಾ ಆದ್ಮೇಲೆ ಹೇಳ್ತೀನಿ ಕಣೆ."

"ನಿನ್ ಚಹಾಕ್ಕಿಷ್ಟು!"

ನಾನೇ ಹೇಳಿಬಿಡುತ್ತೇನೆಂದು ಹೊರಗೆ ಬಂದೆ. ನೆವಿಲ್ ಚೈನಿನ ಒಳಬದಿಗೆ ಹನಿಹನಿಯಾಗಿ ಎಣ್ಣೆ ಬಿಡುತ್ತಿದ್ದವನು ನಿಲ್ಲಿಸಿದ್ದ. ಚೈನ್ ಗಾರ್ಡಿನ ಒಳಗೆ ಏನೋ ಸಿಕ್ಕಿಕೊಂಡಿತ್ತು. ಎರಡು ಬೆರಳಲ್ಲಿ ಹಿಡಿದು ಎಳೆದ. ಚರ್ಮದ ಕೈಗವಸಿನ ಹರಿದ ಬೆರಳು, ಒಣಗಿದ ರಕ್ತ ಕಪ್ಪಾಗಿತ್ತು. ಅದನ್ನೇ ನೋಡಿದ. ಬಾಗಿಲಲ್ಲಿ ನಿಂತಿದ್ದ ಲಿಂಡ್ಸೆಯ ಬ್ಯಾಂಡೇಜನ್ನು ನೋಡಿದ.

"ನೆವಿಲ್," ಎಂದೆ. "ಬಿಸ್ಕತ್ತು ಏನೂ ಮಾಡಿಲ್ಲ. ಅದನ್ನ ಕಡೀಬೇಡ, ದಮ್ಮಯ್ಯ."

ಅವನು ಐಸ್‌ಪೆಟ್ಟಿಗೆಯ ಕಡೆ ತಿರುಗಿದ.

"ಬೆಳಿಗ್ಗೆನೇ ಕಡಿದ್ಬಿಟ್ಟೆ, ಜೋಯ್ಸ್. ತೊಡೆ ನಿಮಗೇ ಅಂತ ತಂದೆ. ಕ್ಷಮೆ ಕೇಳೋಕೆ ಬೇರೇನೂ ತೋಚ್ಲಿಲ್ಲ."

ಭೂಮಿ ಬಾಯಿ ಬಿಟ್ಟಿದ್ದರೆ ಇಬ್ಬರೂ ಇಳಿದುಬಿಡುತ್ತಿದ್ದೆವು. ನೆವಿಲ್ ನಾಲ್ಕು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನು ಬೈಯಲಿಲ್ಲ. ಮತ್ತೆ ಕೂತು ಉಳಿದ ಚೈನಿಗೂ ಎಣ್ಣೆ ಬಿಟ್ಟ. ದೂಳು ಹಿಡಿಯದಿರಲೆಂದು ಹೆಚ್ಚಾದದ್ದನ್ನು ಒರೆಸಿದ. ಕೀಲಿಯನ್ನು ಜೇಬಿಂದ ತೆಗೆದು ಸೀಟಿನ ಮೇಲಿಟ್ಟ.

"ಮುದಿ ಟಗರು," ಎಂದ ಗಾಡಿ ಹತ್ತುತ್ತ. "ಸಣ್ಣ ಉರೀಲಿ ತುಂಬಾ ಹೊತ್ತು ಬೇಯ್ಸು."