ಎರಡು ನಕ್ಷೆಗಳ ನಡುವೆ ಕಂಠಪ್ಪ

ಮೊಣಕಾಲುದ್ದ ತೋಡಿದ್ದ ಗುಂಡಿಯಿಂದ ದೇವರಾಜು ಇನ್ನೊಂದು ಸನಿಕೆ ಮಣ್ಣು ಎತ್ತಿ ಹಾಕುವಷ್ಟರಲ್ಲಿ ಬದುವಿನ ಮೇಲೆ ಬೈಕೊಂದು ಬಂದು ನಿಂತಿತು. ನಾಲೆ ಕೆಲಸದ ಇಂಜಿನಿಯರು ಮಹೇಶ್ಕುಮಾರ್ ಹೆಲ್ಮೆಟ್ಟನ್ನೂ ತೆಗೆಯದೆ ಕೂಗಿದ.

"ನಿಲ್ಸಿ, ನಿಲ್ಸಿ! ಅಲ್ಲಿ ನಾಲೆ ಬರುತ್ತೆ. ಕೆಂಪು ಬಾವುಟ ಕಾಣ್ಸಲ್ವಾ?"

"ಕಾಣ್ತದೆ ಸಾ. ಅದ್ನ ಕಿತ್ತು ಪಕ್ಕಕ್ಕೆ ಮಡಗೇ ತೋಡ್ತಾ ಇರೋದು," ಎಂದ ದೇವರಾಜು.

ತೀರಿಕೊಂಡವನು ಕಂಠಪ್ಪ. ಸರ್ವೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಅಳತೆಯ ಸರಪಳಿ ಹಿಡಿದವನು. ಹಂಪಾಪುರದ ಪಕ್ಕದ ತನ್ನ ಹೊಲದಲ್ಲಿ, ಹೊಂಗೆಮರದಡಿ, ಹೆಂಡತಿ ಮಾಯಮ್ಮನ ಸಮಾಧಿಯ ಎಡಕ್ಕೆ ತನ್ನನ್ನು ಮಲಗಿಸಬೇಕೆಂದು ಹೇಳಿ, ಜಾಗ ಅಳೆದು ನಾಲ್ಕು ಗೂಟವನ್ನೂ ತಾನೇ ಹೊಡೆದಿದ್ದ. ಈಗ ಹೆಣ ಹೊಲದ ಮನೆಯ ಚಪ್ಪರದಡಿ ಕಾಯುತ್ತಿತ್ತು.

ಕೂಗು ಕೇಳಿ ಮಗಳು ಉಷಾರಾಣಿ ಓಡಿಬಂದಳು. ಹತ್ತಿರದ ಹ್ಯಾಂಡ್‌ಪೋಸ್ಟ್ ಊರಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟವಳು. ಮೊಬೈಲಿನಲ್ಲಿ ಜಮೀನಿನ ನಕ್ಷೆ ತೆಗೆದು ತೋರಿಸಿದಳು.

"ನೋಡಿ ಸಾರ್, ನಿಮ್ ನಾಲೆ ಮರದಿಂದ ಅಷ್ಟು ದೂರ ಹೋಗ್ತದೆ."

"ಅದು ಜಮೀನು ನಕ್ಷೆಯವ್ರ ವಿಮಾನದ್ದು ಅಮ್ಮ. ನಮ್ದು ಬೇರೆ ವಿಮಾನ."

ಕಂಠಪ್ಪನ ಅಕ್ಕ ಬಸವಮ್ಮ ಕೋಲೂರಿಕೊಂಡು ಹಿಂದೆಯೇ ಬಂದಿದ್ದಳು. "ಎಣ ಒಂದೇ ಕಣಪ್ಪ. ಇಮಾನಕ್ಕೊಂದು ಗುಂಡಿ ತೋಡಾಕಾಯ್ತದಾ?"

"ಆಚೆ ಎಲ್ಲಾದ್ರೂ ಮಡಗುವ ಬುಡಿ," ಎಂದ ದೇವರಾಜು ಬೆವರೊರೆಸಿಕೊಂಡು. ಪಕ್ಕದ ಹೊಲ, ಪಕ್ಕದ ಮನೆ ಅವನದೇ. "ಸತ್ತೋರ್ಗೆ ಯಾವ ಜಾಗ ಆದ್ರೇನು?"

"ಅವ್ವನ ಪಕ್ಕದಲ್ಲೇ," ಎಂದಳು ಉಷಾರಾಣಿ. "ಒಂದು ಗೇಣೂ ಆಚೀಚೆ ಇಲ್ಲ." ತಿರುಗಿ ನಿಂತು ಜಮೀನು ನಕ್ಷೆಯ ಕಚೇರಿಯ ಶಿವಶಂಕರನಿಗೆ ಫೋನು ಹಚ್ಚಿದಳು.

*

ಹಿಂದಿನ ವರ್ಷ ಆ ಬಯಲ ಮೇಲೆ ಎರಡು ವಿಮಾನ ಹಾರಿದ್ದವು. ಒಂದು ನಾಲೆಯವರದು, ಇನ್ನೊಂದು ಜಮೀನು ನಕ್ಷೆಯವರದು. ಎರಡೂ ಮೇಲಿನಿಂದ ಲೇಸರ್ ಬೆಳಕು ಬಿಟ್ಟು, ಅದು ನೆಲ ಮುಟ್ಟಿ ಮರಳಿದ ಹೊತ್ತನ್ನು ಲೆಕ್ಕ ಹಾಕಿ, ಊರಿನ ಏರುತಗ್ಗನ್ನೆಲ್ಲ ಬರೆದುಕೊಂಡು ಹೋದವು. ಆಮೇಲೆ ಕಂಠಪ್ಪನಿಗೆ ನಾಲೆಯವರಿಂದ ನೋಟೀಸು ಬಂತು: ಸದರಿ ಜಾಗದಲ್ಲಿರುವ ಎರಡಂತಸ್ತಿನ ಕಟ್ಟಡದ ನಿವಾಸಿಗಳು ಮೂವತ್ತು ದಿನಗಳೊಳಗೆ ತೆರವು ಮಾಡತಕ್ಕದ್ದು.

ಅಲ್ಲಿದ್ದದ್ದು ಹೊಂಗೆಮರ ಮಾತ್ರ. ಕಂಠಪ್ಪ ಮರದಡಿ ನಿಂತು ನೋಟೀಸನ್ನು ಕಾಗೆಗಳಿಗೆ ಓದಿಹೇಳಿ, ಜಮೀನು ನಕ್ಷೆಯ ಕಚೇರಿಗೆಂದು ತಾಲ್ಲೂಕು ಊರಾದ ಕೋಟೆಯ ಬಸ್ಸು ಹತ್ತಿದ.

ಶಿವಶಂಕರ ಎರಡೂ ಫೈಲು ನೋಡಿ ತಲೆ ಕೆರೆದುಕೊಂಡ. "ನಮ್ಮಲ್ಲಿ ಐದನೇ ನಂಬರು ಅಂದ್ರೆ ಮರ ಕಣ್ರೀ. ನಾಲೆಯವ್ರಲ್ಲಿ ಐದು ಅಂದ್ರೆ ಕಟ್ಟಡ. ನಮ್ಮ ಫೈಲನ್ನ ಅವ್ರು ಹಂಗೇ ಓದಿದ್ದಾರೆ."

"ಎತ್ತರಾನೂ ಬೇರೆ ಬೇರೆ ಅದೆಯಲ್ಲ ಸ್ವಾಮಿ?" ಎಂದ ಕಂಠಪ್ಪ.

"ಅವ್ರು ಸಮುದ್ರದಿಂದ ಲೆಕ್ಕ ಇಡ್ತಾರೆ. ನಾವು ಉಪಗ್ರಹ ಕೊಟ್ಟ ಲೆಕ್ಕ."

"ಎರಡೂ ದಿಟ ಅಂದ್ರೆ ನಮ್ಮೂರು ಮುನ್ನೂರಡಿ ಕೆಳಕ್ಕೆ ಹೋಗ್ಬುಟ್ಟದೆ. ಇನ್ಮೇಲೆ ಉಣ್ಣಾಕೆ ಏಣಿ ಇಳ್ಕೊಂಡು ಬರ್ಬೇಕಾ?"

ಶಿವಶಂಕರ ನಕ್ಕ. ಕಂಠಪ್ಪ ನಗಲಿಲ್ಲ. ಕೆಲಸದಲ್ಲಿದ್ದಾಗ ಅವನು ಪ್ರತಿ ಬೆಳಿಗ್ಗೆ ಕಚೇರಿಯ ಜಗಲಿಗೆ ಬಡಿದಿದ್ದ ಎರಡು ಮೊಳೆಗಳ ನಡುವೆ ಸರಪಳಿ ಎಳೆದು ನೋಡದೆ ಹೊರಡುತ್ತಿರಲಿಲ್ಲ. ಎಳೆದೂ ಎಳೆದೂ ಕೊಂಡಿ ಸಡಿಲಾಗಿ ಸರಪಳಿ ಬೆಳೆಯುತ್ತಿತ್ತು. ತಾಲ್ಲೂಕಿನ ಯಾವ ಸರಪಳಿಯಾದರೂ ಅದೇ ಮೊಳೆಗಳ ಅಳತೆಗೆ ಹೊಂದಬೇಕಿತ್ತು. ಮಗಳ ಅಂಗಡಿಯ ಟೇಪನ್ನೂ ಅವನು ಹೀಗೇ ಪರೀಕ್ಷಿಸಿ, ಅರ್ಧ ಇಂಚು ಹಿಗ್ಗಿದೆಯೆಂದು ಕತ್ತರಿಸಿ ಹಾಕಿದ್ದ. ಅಷ್ಟರಲ್ಲಿ ಅರ್ಧ ಊರಿನ ರವಿಕೆಗಳು ದೊಗಳೆಯಾಗಿದ್ದವು.

"ನಮ್ಮೊಲದ ಮೂಲೇಲಿ ಸರ್ಕಾರದ ಸರ್ವೆ ಕಲ್ಲು ಅದೆ," ಎಂದ ಕಂಠಪ್ಪ. "ಇಬ್ರೂ ಒಂದ್ ದಿನ ಬಂದು ಆ ಕಲ್ ಮ್ಯಾಲೆ ಮಿಷನ್ ಮಡಗಿ ನೋಡಿ. ಯಾರ್ದು ಎಷ್ಟು ಜರುಗಿ ಅದೆ ಅಂತ ಗೊತ್ತಾಯ್ತದೆ."

ಏಳು ಅರ್ಜಿ ಬರೆದ. ಇವರು ಅವರನ್ನು ಕೇಳಿ ಎಂದರು, ಅವರು ಇವರನ್ನು. ಕಂಠಪ್ಪ ಪ್ರತಿ ಸೋಮವಾರ ಶಿವಶಂಕರನ ಕಚೇರಿಗೆ ಹೋಗಿ ಬೆಂಚಿನ ಮೇಲೆ ಕೂತು ಬರುತ್ತಿದ್ದ.

*

ಶಿವಶಂಕರ ಹಾರ ಹಿಡಿದು ಬಂದ. ಚಪ್ಪಲಿ ಬಿಟ್ಟು ಹೆಣಕ್ಕೆ ಹಾರ ಹಾಕಿದ. "ಸೋಮವಾರ ಬರ್ಲಿಲ್ಲ ಅಂತ ಬಾಗಿಲು ನೋಡ್ತಾ ಇದ್ದೆ," ಎಂದು ಉಷಾರಾಣಿಗೆ ಮೆಲ್ಲಗೆ ಹೇಳಿದ.

ಹೊಲಕ್ಕೆ ಹೋದದ್ದೇ ಅವನಿಗೂ ಮಹೇಶ್ಕುಮಾರ್‌ಗೂ ಜಗಳ ಹತ್ತಿತು. ನಮ್ಮದು ಸರಿ, ನಮ್ಮದೇ ಸರಿ. ಬಿಸಿಲು ಏರುತ್ತಿತ್ತು. ಉಷಾರಾಣಿ ನಡುವೆ ನಿಂತಳು.

"ವರ್ಷದಿಂದ ಕರೆದ್ರೂ ಇಬ್ರೂ ಬರ್ಲಿಲ್ಲ. ಇವತ್ತು ಬಂದಿದ್ದೀರ. ಕಲ್ಲು ಅಲ್ಲೇ ಅದೆ. ನೀವು ಅಳೆಯೋಗಂಟ ನಮ್ಮಪ್ಪನ್ನ ಎತ್ತಕಿಲ್ಲ."

ಅಳಲು ಬಂದವರೆಲ್ಲ ಕಲ್ಲಿನ ಸುತ್ತ ನೆರೆದರು. ಮೊದಲು ಮಹೇಶ್ಕುಮಾರ್ ಕಲ್ಲಿನ ಮೇಲೆ ಯಂತ್ರ ಹಿಡಿದ, ಆಮೇಲೆ ಶಿವಶಂಕರ. ಅದೇ ಕಲ್ಲಿಗೆ ಎರಡು ಯಂತ್ರ ಎರಡು ವಿಳಾಸ ಹೇಳಿದವು. ನಡುವೆ ಇಪ್ಪತ್ತೆರಡು ಅಡಿ ಅಂತರ.

ಮಹೇಶ್ಕುಮಾರ್ ಹೆಲ್ಮೆಟ್ ತೆಗೆದ. "ನಾವು ನಾಲೆ ಗೆರೆ ಎಳೆದಿದ್ದು ನಿಮ್ಮ ನಕ್ಷೆ ಮೇಲೆ. ಬಾವುಟ ನೆಟ್ಟಿದ್ದು ನಮ್ಮ ಯಂತ್ರದಲ್ಲಿ. ಯಾವ ಗುರುತಿನಿಂದ ಅಳೆದದ್ದು ಅಂತ ನಿಮ್ಮ ಫೈಲಲ್ಲಿ ಬರ್ದೇ ಇರ್ಲಿಲ್ಲವಲ್ರೀ."

"ನೀವು ಕೇಳ್ಲೂ ಇಲ್ಲ," ಎಂದ ಶಿವಶಂಕರ. ದನಿ ಇಳಿದಿತ್ತು.

ಗುಂಡಿಯ ಪಕ್ಕದ ಬಾವುಟ ಎತ್ತಿಕೊಂಡು, ಅದು ನಿಜಕ್ಕೂ ಇರಬೇಕಾದ ಜಾಗ ಹುಡುಕಿ ಇಬ್ಬರೂ ಮೂಡಲಿಗೆ ಇಪ್ಪತ್ತೆರಡು ಅಡಿ ಅಳೆಯುತ್ತ ಹೋದರು. ಹೊಂಗೆಮರ ದಾಟಿತು, ಬದು ದಾಟಿತು. ದೇವರಾಜು ಹೊಸದಾಗಿ ಟೈಲ್ಸ್ ಹಾಕಿಸಿದ್ದ ಬಚ್ಚಲಮನೆಯ ಬಾಗಿಲಲ್ಲಿ ಅಳತೆ ಮುಗಿಯಿತು.

ದೇವರಾಜು ಸನಿಕೆ ಬಿಸಾಕಿ ಓಡಿದ. "ಸಾ, ಇನ್ನೊಂದ್ ಸಲ ಅಳೀರಿ ಸಾ!"

"ಬಚ್ಚಲು ಎಲ್ಲಿದ್ರೇನ್ಲಾ," ಎಂದಳು ಬಸವಮ್ಮ. "ಮೈ ತೊಳ್ದ್ರೆ ಸರಿ."

ಅಳುತ್ತಿದ್ದ ಹೆಂಗಸರು ಸೆರಗು ಬಾಯಿಗೊತ್ತಿಕೊಂಡರು. ಉಷಾರಾಣಿಗೂ ನಗು ತಡೆಯಲಾಗಲಿಲ್ಲ; ನಗುತ್ತ ನಗುತ್ತಲೇ ಅವಳು ಅವತ್ತು ಮೊದಲ ಬಾರಿಗೆ ಜೋರಾಗಿ ಅತ್ತಳು.

ನಾಲೆಗೆ ಇನ್ನೂ ಏನೂ ಅಗೆದಿಲ್ಲ, ಎರಡೂ ನಕ್ಷೆಯನ್ನು ಒಂದೇ ಲೆಕ್ಕಕ್ಕೆ ತಂದು ಗೆರೆ ತಿರುಗಿಸೋಣ ಎಂದು ಇಬ್ಬರೂ ಮಾತು ಕೊಟ್ಟ ಮೇಲೆಯೇ ದೇವರಾಜು ಮತ್ತೆ ಗುಂಡಿಗಿಳಿದದ್ದು. ಹೊತ್ತು ಇಳಿಯುವ ಮೊದಲು ಕಂಠಪ್ಪ ಮಾಯಮ್ಮನ ಪಕ್ಕ ಮಲಗಿದ. ಎಲ್ಲರಂತೆ ಮಹೇಶ್ಕುಮಾರ್, ಶಿವಶಂಕರರೂ ಮೂರು ಮೂರು ಹಿಡಿ ಮಣ್ಣು ಹಾಕಿದರು.

ಮಣ್ಣು ಹಾಕಿದವರು ಮೀಯದೆ ಹೋಗುವಂತಿಲ್ಲ ಎಂದು ಬಸವಮ್ಮ ಇಬ್ಬರನ್ನೂ ತಡೆದಳು. ದೇವರಾಜುವಿನ ಪಟ್ಟೆ ಲುಂಗಿ ಉಟ್ಟು ಅವರು ಪಂಪ್‌ಸೆಟ್ಟಿನ ಒಂದೇ ಕೊಳವೆಯ ಕೆಳಗೆ ಒತ್ತಿಕೊಂಡು ಕೂತರು. ಮಹೇಶ್ಕುಮಾರ್‌ನ ಕಣ್ಣಿಗೆ ಸೋಪು ಹೋಯಿತು. ಕಣ್ಣುಮುಚ್ಚಿ ಅವನು ಗಾಳಿಯಲ್ಲಿ ಕೈಯಾಡಿಸಿದ. ಶಿವಶಂಕರ ಆ ಕೈ ಹಿಡಿದು, ನಿಧಾನವಾಗಿ, ನೀರು ಬೀಳುವ ಕಡೆಗೆ ಎಳೆದುಕೊಂಡ.