ಗುರುವಾರಕ್ಕೆ ಮೂವತ್ತು ಡಿಗ್ರಿ

ಬಂದವರಿಗೆ ಯಾವ ಲೋಟದಲ್ಲಿ ನೀರು ಕೊಡಬೇಕು ಎಂಬ ಮಹತ್ವದ ಪ್ರಶ್ನೆ ಅಂದು ಬೆಳಿಗ್ಗೆ ಹತ್ತಾದರೂ ಇತ್ಯರ್ಥವಾಗಿರಲಿಲ್ಲ. ಮಗಳು ಕಪಾಟಿನಿಂದ ಗಾಜಿನ ಲೋಟಗಳನ್ನು ಒಂದೊಂದಾಗಿ ತಟ್ಟೆಗೆ ಇಳಿಸುತ್ತಿದ್ದಳು; ಚಿಕ್ಕಪ್ಪ ಒಂದೊಂದಾಗಿ ಎತ್ತಿ ಕಪಾಟಿಗೆ ವಾಪಸು ಸೇರಿಸುತ್ತಿದ್ದರು. ಪಕ್ಕದ ಕೋಣೆಯಲ್ಲಿ ಹೂವಿನ ನಡುವೆ ಮಲಗಿದ್ದ ಅಪ್ಪ ಮಾತ್ರ ಈ ವಿಷಯದಲ್ಲಿ ತಟಸ್ಥರಾಗಿದ್ದರು.

"ಮ್ಯೂಸಿಯಂ ಸಾಹೇಬ್ರು ಬರ್ತಿದಾರೆ ಕಣಮ್ಮ. ಅವ್ರ ಕೈಗೆ ಈ ಸೊಂಟದ ಲೋಟ ಕೊಡ್ತೀಯಾ? ಪೇಪರ್ ಕಪ್ ತರಿಸಿದೀನಿ."

"ಅಪ್ಪನೇ ಮಾಡಿದ ಲೋಟ, ಚಿಕ್ಕಪ್ಪ."

"ಅದಕ್ಕೇ ಹೇಳಿದ್ದು."

ನಡು ಸಣ್ಣಗಿದ್ದು, ಒದ್ದೆ ಕೈಯಲ್ಲೂ ಜಾರದ ಆ ಲೋಟವನ್ನು ಅಪ್ಪ ಕಾರ್ಖಾನೆಯೊಂದಕ್ಕೆ ವಿನ್ಯಾಸ ಮಾಡಿಕೊಟ್ಟು ಇಪ್ಪತ್ತೆಂಟು ವರ್ಷವಾಗಿತ್ತು. ಅದಿಲ್ಲದ ಹೋಟೆಲಿಲ್ಲ, ಆಸ್ಪತ್ರೆಯಿಲ್ಲ. ಅದಕ್ಕೂ ಮುಂಚೆ ಅವರು ಗಾಜಿನ ಶಿಲ್ಪಿ. ಆಮೇಲೆ, ಹಳೆಯ ಗೆಳೆಯರ ಬಾಯಲ್ಲಿ, ಬರೀ 'ಲೋಟದವನು'. ಕಾರ್ಖಾನೆಗೆ ದೀಪದ ಬುರುಡೆ, ಸೀಸೆ, ಹೂದಾನಿ ಎಂದು ಗೀಚಿಕೊಡುತ್ತಲೇ, ಭಾನುವಾರಗಳಲ್ಲಿ ಹಿತ್ತಲ ಶೆಡ್ಡಿನಲ್ಲಿ ತಮ್ಮದೇನೋ ಮಾಡಿಕೊಳ್ಳುತ್ತಿದ್ದರು. ಯಾರೂ ಕೇಳಲಿಲ್ಲ, ಅವರೂ ತೋರಿಸಲಿಲ್ಲ.

ಹಿತ್ತಲ ಬಾಗಿಲಿನಿಂದ ತಿದಿ ಒಳಗೆ ಬಂದ. ನಲವತ್ತು ವರ್ಷ ಅಪ್ಪನಿಗಾಗಿ ಕೊಳವೆಯಲ್ಲಿ ಗಾಜು ಊದಿದವನು; ಎದೆ ಕುಲುಮೆಯ ತಿದಿಯಂತೆ ಉಬ್ಬಿ ನಿಂತು ಆ ಹೆಸರು ಬಂದಿತ್ತು.

"ಗೂಡು ನೂರ ಹತ್ತು ಡಿಗ್ರಿ," ಎಂದ.

ಶೆಡ್ಡಿನಲ್ಲಿ ಗಾಜನ್ನು ನಿಧಾನವಾಗಿ ಆರಿಸುವ ಗೂಡಿತ್ತು. ಅದರೊಳಗೆ, ಬಿಳಿಯ ಅಚ್ಚಿನ ಹೊದಿಕೆಯಲ್ಲಿ, ಅಪ್ಪನ ಕೊನೆಯ ಶಿಲ್ಪವಿತ್ತು. ಅದನ್ನು ಒಳಗಿಟ್ಟ ಏಳನೆಯ ದಿನ, ಗೂಡಿನ ಎದುರಿನ ಕುರ್ಚಿಯಲ್ಲೇ ಅವರ ಎದೆಬಡಿತ ನಿಂತಿತ್ತು. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಅವರೇ ಬರೆದ ಕೊನೆಯ ಸಾಲು: ಗುರುವಾರ, ಮೂವತ್ತು. ಇವತ್ತು ಮಂಗಳವಾರ. ಅಷ್ಟು ದಪ್ಪದ ಗಾಜಿಗೆ ಮುಂಚಿತವಾಗಿ ತಣ್ಣನೆಯ ಗಾಳಿ ತಾಗಿದರೆ ಬಿರುಕು ಬಿಡುತ್ತದೆ.

ಸಾಹೇಬರು ಎರಡಕ್ಕೆ ಬಂದರು. ಹೂವಿನ ಎದುರು ತಲೆ ಬಾಗಿಸಿ ನಿಂತರು. ಮಗಳು ಕೊಟ್ಟ ನೀರನ್ನು ಸೊಂಟದ ಲೋಟದಲ್ಲೇ ಗಟಗಟ ಕುಡಿದರು, ಲೋಟವನ್ನು ನೋಡಲಿಲ್ಲ.

"ನಾಳೆ ಸಂಗ್ರಹದ ಪಟ್ಟಿ ಮುಗಿಯತ್ತಮ್ಮ. ನಿಮ್ಮ ತಂದೇದು ಒಂದು ಸೇರಬೇಕು ಅಂತ ನಂಗೂ ಆಸೆ. ಆದ್ರೆ ಕಣ್ಣಲ್ಲಿ ನೋಡ್ದೆ ಸಹಿ ಹಾಕೋ ಹಾಗಿಲ್ಲ. ನಾಲ್ಕಕ್ಕೆ ನನ್ನ ರೈಲು."

"ಈಗಲೇ ತೋರಿಸ್ತೀವಿ ಸಾರ್," ಎಂದರು ಚಿಕ್ಕಪ್ಪ.

*

ಅವಳಿಗಾಗ ಒಂಬತ್ತು ವರ್ಷ. ಅದೇ ಗೂಡು. ಒಳಗೆ ಅವಳಷ್ಟೇ ಎತ್ತರದ ಗಾಜಿನ ಅಲೆ, ಅದೇ ಮ್ಯೂಸಿಯಂಗೆ ಹೊರಟಿದ್ದು. ಅಪ್ಪ ಊಟಕ್ಕೆ ಹೋಗಿದ್ದಾಗ ಬಾಗಿಲನ್ನು ಒಂದೇ ಒಂದು ಬೆರಳಿನಷ್ಟು ಎಳೆದಳು. ಅಂದುಕೊಂಡಂತೆ ಕೆಂಪಗೆ ಏನೂ ಕಾಣಲಿಲ್ಲ, ಮುಖಕ್ಕೆ ಝಳ ಹೊಡೆಯಿತು. ತಳ್ಳಿ ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಒಳಗೆ 'ಟಿಣ್' ಎಂದಿತು.

ಅಪ್ಪ ಬಂದರು, ಅವಳ ಹಣೆ ನೋಡಿದರು. ಹೊರಗೆ ಹೋಗಿ ಕತ್ತರಿ ತಂದು, ಸುಟ್ಟು ಮುರುಟಿದ ಮುಂಗೂದಲನ್ನು ನೀಟಾಗಿ ಕತ್ತರಿಸಿದರು.

"ಲೆಕ್ಕ ತಪ್ಪಿದ್ದು ನಂದು. ಯಾರು ಕೇಳಿದ್ರೂ ಅಷ್ಟೇ. ಗೊತ್ತಾಯ್ತಾ?"

ಲೆಕ್ಕ ತಪ್ಪುವವನಿಗೆ ಆಮೇಲೆ ಯಾರೂ ದೊಡ್ಡ ಕೆಲಸ ಕೊಡಲಿಲ್ಲ. ಆರು ತಿಂಗಳು ಕಳೆದು ಲೋಟದ ಕಾರ್ಖಾನೆಯವರು ಬಂದರು.

*

ಚಿಕ್ಕಪ್ಪನ ಕೈ ಗೂಡಿನ ಅಗುಳಿಯ ಮೇಲಿತ್ತು. ಗಂಟೆ ಎರಡೂವರೆ. ಸಾಹೇಬರು ಶೆಡ್ಡಿನ ಹೊಸ್ತಿಲಲ್ಲಿ ಗಡಿಯಾರ ನೋಡುತ್ತಿದ್ದರು.

"ನೂರು ಡಿಗ್ರಿ ಯಾವ ಮಹಾ ಬಿಸಿ? ಕಾಫಿ ಅದಕ್ಕಿಂತ ಸುಡತ್ತೆ. ಅಚ್ಚು ಬಿಡಿಸಿ ಹತ್ತು ನಿಮಿಷ ತೋರಿಸೋಣ. ಪಕ್ಕಕ್ಕೆ ಸರಿದು ನಿಂತ್ಕೊಳ್ಳಮ್ಮ."

ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಬೆನ್ನಿಗೆ ಹದವಾಗಿ ಬೆಚ್ಚಗೆ ತಾಗಿತು, ಜ್ವರ ಬಂದವರ ಮೈಯಂತೆ.

"ಇಲ್ಲ."

"ಜೀವಮಾನವೆಲ್ಲ ಲೋಟದವನು ಅನ್ನಿಸ್ಕೊಂಡ. ಹೋಗೋ ದಿನವಾದ್ರೂ ಶಿಲ್ಪಿ ಅನ್ನಿಸ್ಕೊಳ್ಳೋದು ಬೇಡ್ವಾ? ಲೆಕ್ಕ ತಪ್ಪಿಸಿ ಒಂದು ಕಳಕೊಂಡ. ಇದನ್ನ ನಿನ್ನ ಹಟಕ್ಕೆ ಕಳಕೋಬೇಕಾ?"

"ಅಪ್ಪನ ಲೆಕ್ಕ ತಪ್ಪಿರ್ಲಿಲ್ಲ." ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು. "ಬಾಗಿಲು ತೆಗೆದಿದ್ದು ನಾನು. ಅವತ್ತು ಒಡೆದಿದ್ದು ನನ್ನಿಂದ. ಇನ್ನೊಂದು ಸಲ ಒಡೆಯೋಕೆ ನನ್ನ ಕೈಲಾಗಲ್ಲ, ಚಿಕ್ಕಪ್ಪ."

ಚಿಕ್ಕಪ್ಪನ ಕೈ ಅಗುಳಿಯಿಂದ ತಾನಾಗಿ ಕೆಳಗಿಳಿಯಿತು. ಇಪ್ಪತ್ತೆಂಟು ವರ್ಷ ಅಣ್ಣನನ್ನು ಹಂಗಿಸಿದ್ದೆಲ್ಲ ಒಟ್ಟಿಗೆ ನೆನಪಾದವರಂತೆ ಅಪ್ಪನ ಕುರ್ಚಿಯಲ್ಲಿ ಕೂತು, ಅದು ಯಾರ ಕುರ್ಚಿ ಎಂದು ಹೊಳೆದು, ಎದ್ದು ನಿಂತರು.

ಅವಳು ತಿದಿಯತ್ತ ನೋಡಿದಳು. ಅವನು ಮುಖ ತಿರುಗಿಸಿ ಮೂಗು ಒರೆಸಿಕೊಳ್ಳುತ್ತಿದ್ದ.

"ನಿನಗೆ ಗೊತ್ತಿತ್ತಾ ಮಾಮ?"

"ಕತ್ತರಿ ಕೊಟ್ಟಿದ್ದು ಯಾರು ಅಂದ್ಕೊಂಡೆ? ಆ ಕತ್ತರಿ ಇನ್ನೂ ವಾಪಸ್ ಬಂದಿಲ್ಲ."

ಸಾಹೇಬರು ಕೆಮ್ಮಿದರು. "ಗುರುವಾರ ನಾನಿಲ್ಲಿ ಇರಲ್ಲಮ್ಮ."

"ಗೊತ್ತು ಸಾರ್."

ಮೂರಕ್ಕೆ ಗಾಡಿ ಬಂತು. ಹೂವಿನ ಭಾರ ಸೇರಿಯೂ ಅಪ್ಪ ಹಗುರವಾಗಿದ್ದರು. ಸಾಹೇಬರು ಗಾಡಿಯ ಹಿಂದೆ ಬೀದಿಯ ತಿರುವಿನವರೆಗೆ ಮರ್ಯಾದೆಗೆ ನಡೆದು, ನಿಲ್ದಾಣದತ್ತ ಹೊರಳಿದರು.

*

ಗುರುವಾರ ಬೆಳಿಗ್ಗೆ ಗೂಡಿನ ಉಷ್ಣಮಾಪಕದ ಮುಳ್ಳು ಮೂವತ್ತಕ್ಕೆ ಬಂದು ನಿಂತಿತ್ತು. ಅಗುಳಿಯನ್ನು ಅವಳೇ ಎಳೆದಳು. ತಿದಿ ಬಿಳಿಯ ಅಚ್ಚನ್ನು ಬೆರಳುಗಳಿಂದಲೇ ಪುಡಿಪುಡಿಯಾಗಿ ಬಿಡಿಸಿದ. ಚಿಕ್ಕಪ್ಪ ಬಕೆಟಿನಲ್ಲಿ ಉಗುರುಬೆಚ್ಚಗಿನ ನೀರು ಹಿಡಿದು ನಿಂತಿದ್ದರು, ಯಾರೂ ಕರೆದಿರಲಿಲ್ಲ.

ಒಳಗಿದ್ದದ್ದು ಗೇಣು ದಪ್ಪದ ಗಾಜಿನ ಗಟ್ಟಿ. ಅದರ ನಟ್ಟನಡುವೆ ಲೋಟವಿರಲಿಲ್ಲ, ಲೋಟದ ಜಾಗವಿತ್ತು: ನಡು ಸಣ್ಣಗಾದ ಒಂದು ಖಾಲಿ, ಮೇಲಕ್ಕೆ ಬಾಯಿ ತೆರೆದುಕೊಂಡು. ತಿದಿ ಅಂಚಿನ ಸುತ್ತ ಹೆಬ್ಬೆರಳು ಆಡಿಸಿದ, ಎರಡು ಸಲ.

ಚಿಕ್ಕಪ್ಪ ಬಕೆಟಿನಿಂದ ಬೊಗಸೆಯಲ್ಲಿ ನೀರು ತೆಗೆದು ಆ ಖಾಲಿಗೆ ಸುರಿದರು.

ನೀರು ನಿಂತಿತು. ಎಲ್ಲೂ ಸೋರಲಿಲ್ಲ. ಮ್ಯೂಸಿಯಂ ಪಟ್ಟಿ ಹಿಂದಿನ ದಿನವೇ ಮುಗಿದಿತ್ತು.