ಬಾಣಂತಿ ಕೋಣೆಯ ಶೀಟು

ಉಗುಳಿದರೆ ಬಿಳಿ ಬರುತ್ತಿತ್ತು. ಚಿಕ್ಕಗಂಗಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ಮತ್ತೊಂದು ಶೀಟು ಹೊತ್ತಳು.

ಕೋಲಾರದ ಹೊರಗೆ ಯೂನಿವರ್ಸಿಟಿಯ ಹಳೆಯ ಕಟ್ಟಡ. ಅಲ್ಲಿ ರೋಗದ ಕ್ರಿಮಿ ಪರೀಕ್ಷಿಸುವ ಹೊಸ ಲ್ಯಾಬು ಬರುತ್ತದೆ, ಒಳಗಿನ ಗಾಳಿಯನ್ನು ಸೋಸದೆ ಹೊರಗೆ ಬಿಡುವುದಿಲ್ಲ ಎಂದು ಸೂಪರ್‌ವೈಸರ್ ಮುರಳಿಮೋಹನ್ ಹೇಳಿದ್ದ. ಮೊದಲು ಮಾಡಿನ ಕಲ್ನಾರು ಶೀಟು, ಅದೇ ಆಸ್ಬೆಸ್ಟಾಸ್, ಇಳಿಯಬೇಕು. ವೆಲ್ಡರ್ ಹಬೀಬುಲ್ಲಾ ಮೇಲೆ ಕೂತು ಬೋಲ್ಟು ಬಡಿಯುತ್ತಿದ್ದ. ಬಡಿದಷ್ಟೂ ಪುಡಿ ಉದುರುತ್ತಿತ್ತು.

ಕೆಡವುವ ಕೆಲಸದಲ್ಲಿ ಒಂದು ಪದ್ಧತಿ. ಧಣಿಗೆ ಬೇಡದ್ದು ಕೂಲಿಯವರ ಮನೆಗೆ.

"ಸಾರ್, ಮಗಳು ಬಾಣಂತನಕ್ಕೆ ಬರ್ತಾವ್ಳೆ. ನಾಕು ಶೀಟು ಕೊಡಿ, ಕೋಣೆಗೆ ಹೊದಿಸ್ಕೋತೀನಿ."

"ನಾಕ್ಯಾಕಮ್ಮ? ಎಲ್ಲಾ ಹಂಚ್ಕೊಳ್ಳಿ. ಟೆಂಪೋ ಬಾಡ್ಗೆನೂ ನಂದೇ."

"ದೇವುಡು ಸಾರ್ ನೀವು."

"ದೇವ್ರಾದ್ರೆ ಒಂದು ಟೀ ಕೊಡ್ಸಕ್ಕೆ ಹೇಳಮ್ಮಾ!" ಮೇಲಿನಿಂದ ಹಬೀಬುಲ್ಲಾ ಕೂಗಿದ. ಎಲ್ಲರೂ ನಕ್ಕರು.

ಕ್ಯಾಲನೂರಿನ ತನ್ನ ಮನೆಯಂಗಳದಲ್ಲಿ ಅವಳು ಶೀಟುಗಳನ್ನು ತೆಂಗಿನ ನಾರಿನಿಂದ ಉಜ್ಜಿದಳು. ಒಣ ಪಾಚಿ ಎದ್ದು, ಬೆಳ್ಳಗಾಗುವವರೆಗೆ. ಕೂಸಿನ ಮೇಲೆ ಕೊಳಕು ಬೀಳಬಾರದಲ್ಲ. ಮಗಳು ತ್ರಿವೇಣಿ ಹೆತ್ತಳು. ತೊಟ್ಟಿಲು ಆ ಶೀಟಿನ ಕೆಳಗೇ ತೂಗಿತು.

ಲ್ಯಾಬು ಮುಗಿಯಿತು. ಪಕ್ಕದ ಸ್ಟೋರಿನ ಶೀಟು ಇಳಿಸಲು ಬೇರೆ ಜನ ಬಂದರು. ಮೈತುಂಬ ಬಿಳಿ ಉಡುಪು, ಮುಖಕ್ಕೆ ಮುಸುಕು. ಶೀಟಿಗೆ ನೀರು ಚಿಮುಕಿಸಿದರು. ಒಡೆಯದಂತೆ ಇಳಿಸಿದರು. ಹೆಣದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರು.

ಚಿಕ್ಕಗಂಗಮ್ಮ ಕಸ ಗುಡಿಸುತ್ತಾ ನೋಡಿದಳು. "ಅದೇ ಶೀಟಲ್ವಾ ಭಾಯ್?"

"ಅದೇ ಕಣಮ್ಮ." ಹಬೀಬುಲ್ಲಾ ಕೆಮ್ಮಿದ. "ಅವ್ರನ್ನೇ ಕೇಳ್ದೆ. ಪುಡಿ ಎದೆಯೊಳಗೆ ಹೋದ್ರೆ ಈಚೆಗೆ ಬರಲ್ವಂತೆ. ಕಾಯಿಲೆ ಎಷ್ಟೋ ವರ್ಷ ಆದ್ಮೇಲೆ ಬರ್ತದಂತೆ."

ಅವಳ ಕೈ ಗುಡಿಸುತ್ತಲೇ ಇತ್ತು. ಕಸ ಮುಗಿದ ಮೇಲೆ ಮುರಳಿಮೋಹನನ ಹತ್ತಿರ ಹೋದಳು.

"ಅವ್ರಿಗ್ಯಾಕೆ ಸಾರ್ ಮುಸುಕು?"

"ಈಗ ಒಳಗೆ ಸೈಂಟಿಸ್ಟ್‌ಗಳು ಬಂದಿದ್ದಾರಲ್ಲ. ರೂಲ್ಸು."

"ನಾವಿದ್ದಾಗ?"

"ನಿಮ್ಗೆ ಪುಕ್ಕಟೆ ಕೊಡ್ಲಿಲ್ವೇನಮ್ಮಾ?"

ಲ್ಯಾಬಿನ ಉದ್ಘಾಟನೆಯ ಬೆಳಿಗ್ಗೆ ಅವಳು ಶೀಟಿಗೆ ನೀರು ಸುರಿದು ಇಳಿಸಿದಳು. ಬಾಣಂತಿಯ ಹಳೇ ಸೀರೆಗಳಲ್ಲಿ ಸುತ್ತಿದಳು. ತೊಟ್ಟಿಲು ಹುಣಸೆಮರಕ್ಕೆ ಹೋಯಿತು. ಹಬೀಬುಲ್ಲಾ ಟೆಂಪೋ ತಂದ. ದಾರಿಯಲ್ಲಿ ಉಳಿದ ಕೂಲಿಯವರೂ ತಮ್ಮ ತಮ್ಮ ಶೀಟು ಏರಿಸಿದರು.

ಗೇಟಿನಲ್ಲಿ ಸೆಕ್ಯುರಿಟಿ ಭೀಮರಾಜ್ ತಡೆದ. "ಒಳಕ್ಕೆ ಬಿಡಂಗಿಲ್ಲಕ್ಕಾ. ಅಪಾಯದ ಸಾಮಾನು."

"ಇಲ್ಲಿಂದ್ಲೇ ಕೊಟ್ಟಿದ್ದು ಕಣಪ್ಪ."

ಅವನು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡ.

ಚಿಕ್ಕಗಂಗಮ್ಮ ಶೀಟುಗಳನ್ನು ಗೇಟಿಗೆ ಅಡ್ಡ ಇಳಿಸಿ ಪಕ್ಕದಲ್ಲಿ ಕೂತಳು. ಉಳಿದವರೂ ಕೂತರು. ಹಿಂದೆ ಅತಿಥಿಗಳ ಕಾರು ಸಾಲುಗಟ್ಟಿ ಹಾರನ್ ಹೊಡೆದವು. ಮುರಳಿಮೋಹನ್ ಓಡಿ ಬಂದ. ಮುಖಕ್ಕೆ ಮಾಸ್ಕ್ ಇತ್ತು.

"ಏಳ್ರೇ! ಏನು ಬೇಕು ನಿಮ್ಗೆ?"

"ನಿಮ್ದು ನೀವು ತಗೊಳಿ. ನಮ್ಮೆದೆ ಒಳಗಿರೋದನ್ನ ಹೆಂಗೆ ತಗೋತೀರೋ, ಅದನ್ನೂ ಹೇಳಿ."

ಕಾರುಗಳ ಗಾಜು ಒಂದೊಂದಾಗಿ ಮೇಲೇರಿದವು. ಚಿಕ್ಕಗಂಗಮ್ಮ ಎಲೆಅಡಿಕೆ ಬಿಚ್ಚಿದಳು.